ಮನಸ್ಸು ಭಾರವಾದಾಗ ಪದ್ಯ ಬರೆಯೋದು ಹೇಗೆ? ಮೊದಲ ಪದದಿಂದ ಕೊನೆಯ ಸಾಲಿನವರೆಗೆ

ಅಪ್ಪ ತೀರಿಕೊಂಡ ಮೂರನೇ ವಾರ ನಾನೊಂದು ಪದ್ಯ ಬರೆದೆ. ಅದು ಹೀಗೆ ಶುರುವಾಗಿತ್ತು:

ಅಪ್ಪಾ, ನೀನಿಲ್ಲದ ಬಾಳು ಬರಡು,
ಕಣ್ಣೀರ ಕಡಲಲ್ಲಿ ನಾನೊಂದು ಕೊರಡು.

ಬರೆದು ಮುಗಿಸಿದಾಗ ಅಳು ಬರಲಿಲ್ಲ. ಬರಡಿಗೆ ಕೊರಡು ಸಿಕ್ಕಿತಲ್ಲ ಅಂತ ಖುಷಿಯಾಯಿತು, ಅಷ್ಟೇ. ರಾತ್ರಿ ಮತ್ತೆ ಓದಿದೆ. ಮನೆಯಲ್ಲಿ ನಾನು ಅಪ್ಪನನ್ನು ಒಂದು ದಿನವೂ 'ನೀನು' ಅಂದವನಲ್ಲ, ಯಾವಾಗಲೂ 'ನೀವು'. ಹಾಗಾದರೆ ಈ ಪದ್ಯದಲ್ಲಿ ಮಾತಾಡುತ್ತಿರುವುದು ಯಾರು? ಕರೆಯುತ್ತಿರುವುದು ಯಾರ ಅಪ್ಪನನ್ನು? ಎಲ್ಲೋ ಕೇಳಿದ ಹಾಡುಗಳ ಮಾತು ನನ್ನ ಕೈಯಿಂದ ಇಳಿದಿತ್ತು. ನನ್ನ ಸಂಕಟ ಮಾತ್ರ ಒಳಗೆ ಹಾಗೇ ಕೂತಿತ್ತು.

ಆಮೇಲೆ ಸುಮಾರು ದಿನ ಬಿಟ್ಟು, ಮೇಜಿನ ಡ್ರಾಯರಿನಲ್ಲಿ ಅವರ ಹಳೆಯ ಕನ್ನಡಕ ಸಿಕ್ಕಿತು. ಒಂದು ಕಡ್ಡಿ ಮುರಿದಿತ್ತು, ಅದಕ್ಕೆ ಬಿಳಿ ದಾರ ಸುತ್ತಿ ಗಂಟು ಹಾಕಿದ್ದರು. ಆ ದಾರದ ಬಗ್ಗೆ ಏಳು ಸಾಲು ಬರೆದೆ. ಆ ದಿನ ಸರಿಯಾಗಿ ನಿದ್ದೆ ಬಂತು. ಆ ಏಳು ಸಾಲನ್ನು ಆಮೇಲೆ ತೋರಿಸುತ್ತೇನೆ. ಮೊದಲ ಪದ್ಯಕ್ಕೂ ಎರಡನೆಯದಕ್ಕೂ ಇರುವ ವ್ಯತ್ಯಾಸವೇ ಈ ಮಾರ್ಗದರ್ಶಿಯ ಪೂರ್ತಿ ವಿಷಯ. ಕವಿಯಾಗುವುದು ಹೇಗೆ, ಪುಸ್ತಕ ತರುವುದು ಹೇಗೆ ಅನ್ನೋದೆಲ್ಲ ಇಲ್ಲಿ ಇಲ್ಲ.

ಇದರಿಂದ ಏನಾಗುತ್ತದೆ, ಏನಾಗುವುದಿಲ್ಲ

1986ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳನ್ನು ಕೂರಿಸಿ ದಿನಕ್ಕೆ 15 ನಿಮಿಷದಂತೆ 4 ದಿನ ಬರೆಸಿದ್ದರು. ಕೆಲವರಿಗೆ ಯಾವುದೋ ಸಾಧಾರಣ ವಿಷಯ ಕೊಟ್ಟಿದ್ದರು. ಉಳಿದವರು ಬದುಕಿನಲ್ಲಿ ತುಂಬಾ ನೋಯಿಸಿದ ಘಟನೆಯ ಬಗ್ಗೆ ಬರೆಯಬೇಕಿತ್ತು. ನಡೆದದ್ದು ಮತ್ತು ಆಗ ಅನ್ನಿಸಿದ್ದು ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆದರೆ ಬರೆದು ಎದ್ದ ಕೂಡಲೇ ಅವರಿಗೆ ಹಗುರ ಅನ್ನಿಸಿರಲಿಲ್ಲ, ಇನ್ನಷ್ಟು ಭಾರ ಅನ್ನಿಸಿತ್ತು. ಇದನ್ನು ನೆನಪಿಟ್ಟುಕೊಳ್ಳಿ. ಮೊದಲ ದಿನ ಬರೆದು ಮನಸ್ಸು ಕೆಟ್ಟರೆ 'ನನಗೆ ಇದು ಆಗಿಬರಲ್ಲ' ಅಂತ ನೋಟ್‌ಬುಕ್ ಮುಚ್ಚಿಬಿಡುವವರೇ ಜಾಸ್ತಿ.

ಆಮೇಲೆ ಇಂಥ ಪ್ರಯೋಗಗಳು ಬಹಳ ನಡೆದವು. 2006ರಲ್ಲಿ ಜೊಆನ್ ಫ್ರಾಟರೋಲಿ ಅನ್ನುವ ಸಂಶೋಧಕಿ 146 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಲಾಭ ಇದೆ, ಆದರೆ ಸರಾಸರಿ ತೆಗೆದರೆ ಸಣ್ಣದು ಅಂತ ಬಂತು. ಹಾಗಾಗಿ 'ಪದ್ಯ ಬರೆಯಿರಿ, ಎಲ್ಲ ವಾಸಿಯಾಗುತ್ತದೆ' ಅನ್ನುವವರನ್ನು ನಂಬಬೇಡಿ. ಖಿನ್ನತೆಗೆ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮುಂದುವರಿಸಿ. ಇದು ಅದರ ಜೊತೆಗೆ ಇರುವ ಒಂದು ಅಭ್ಯಾಸ, ಸಂಜೆ ನಡೆಯುವುದಿದೆಯಲ್ಲ, ಹಾಗೆ.

ಇನ್ನೊಂದು ವಿಷಯ. ಪೆನ್ನೆಬೇಕರ್ ಬರೆಸಿದ್ದು ಪದ್ಯ ಅಲ್ಲ, ಸುಮ್ನೆ ಗದ್ಯ. ಹಾಗಿದ್ದರೆ ಪದ್ಯ ಯಾಕೆ? ನನಗೆ ಗೊತ್ತಾದದ್ದು ಇಷ್ಟು. ಡೈರಿ ಬರೆಯಲು ಕೂತರೆ ನಾನು ಗಾಣದೆತ್ತಿನ ಹಾಗೆ ಅದೇ ವೃತ್ತದಲ್ಲಿ ಸುತ್ತುತ್ತೇನೆ, ಅವಳು ಹೀಗಂದಳು, ನಾನು ಹಾಗಂದೆ, ನಾನು ಹಾಗನ್ನಬಾರದಿತ್ತು, ಆದರೆ ಅವಳು ತಾನೇ ಮೊದಲು ಅಂದಿದ್ದು, ಹೀಗೆ ಎಂಟು ಪುಟ. ಪದ್ಯದಲ್ಲಿ ಅಷ್ಟು ಜಾಗ ಇಲ್ಲ. ಎಂಟು ಪುಟದಿಂದ ಎಂಟು ಸಾಲು ಆರಿಸಬೇಕು. ಆರಿಸಬೇಕಾದರೆ ನಿಂತು ನೋಡಬೇಕು. ಹಾಗೆ ನೋಡುವಾಗ ನೋವಿಗೂ ನನಗೂ ನಡುವೆ ಒಂದು ಗೇಣು ಜಾಗ ಸಿಗುತ್ತದೆ.

ಹಂತ 1: ಸಾಮಾನು, ಸಮಯ, ಬಾಗಿಲು

ಚಂದದ ನೋಟ್‌ಬುಕ್ ಬೇಡ. ಹೊಳೆಯುವ ರಟ್ಟಿನ ಪುಸ್ತಕ ತೆರೆದರೆ ಅದರಲ್ಲಿ ಚೆನ್ನಾಗಿರುವುದನ್ನೇ ಬರೆಯಬೇಕು ಅನ್ನಿಸಿಬಿಡುತ್ತದೆ. ಒಂದು ಕಡೆ ಖಾಲಿ ಇರುವ ಹಳೆಯ ಹಾಳೆಗಳು ಸಾಕು. ಫೋನಿನಲ್ಲೂ ಬರೆಯಬಹುದು, ಆದರೆ ಎರಡನೇ ಸಾಲಿಗೆ ಯಾವುದಾದರೂ ಮೆಸೇಜ್ ಬರುತ್ತದೆ.

15 ನಿಮಿಷ ಅಲಾರಂ ಇಡಿ. ಅಷ್ಟು ಹೊತ್ತು ಯಾರೂ ಇಣುಕದ ಜಾಗ ಇರಲಿ. ಬರೆದದ್ದನ್ನು ಎಲ್ಲಿಡುತ್ತೀರಿ ಅನ್ನುವುದನ್ನು ಬರೆಯುವ ಮೊದಲೇ ತೀರ್ಮಾನ ಮಾಡಿ, ಯಾಕಂದರೆ ಯಾರಾದರೂ ಓದುತ್ತಾರೆ ಅನ್ನುವ ಗುಮಾನಿ ಇದ್ದರೆ ಕೈ ತಾನಾಗಿ ಸುಳ್ಳು ಬರೆಯುತ್ತದೆ. ಹರಿದು ಹಾಕುತ್ತೇನೆ ಅನ್ನುವುದೂ ಒಂದು ತೀರ್ಮಾನವೇ. ಮಲಗುವ ಮುಂಚಿನ ಗಳಿಗೆ ಮಾತ್ರ ಬೇಡ. ಕೆದಕಿದ್ದು ಹಾಸಿಗೆವರೆಗೂ ಬರುತ್ತದೆ.

ಹಂತ 2: ಭಾವನೆಯಿಂದ ಶುರು ಮಾಡಬೇಡಿ

ಇದು ವಿಚಿತ್ರ ಅನ್ನಿಸಬಹುದು. ಮನಸ್ಸಿನ ಭಾರ ಇಳಿಸೋಕೆ ತಾನೇ ಕೂತಿರೋದು? ಹೌದು. ಆದರೆ 'ದುಃಖ' ಅಂತ ಬರೆದ ಕೂಡಲೇ ಅದರ ಹಿಂದೆ 'ಕಡಲು', 'ಕತ್ತಲೆ', 'ಒಂಟಿ ಪಯಣ' ಎಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ಅವೆಲ್ಲ ಬೇರೆಯವರು ಬಳಸಿ ಸವೆಸಿದ ಮಾತು.

ಅದರ ಬದಲು ಮೊದಲ 5 ನಿಮಿಷ ಬರೀ ಪಟ್ಟಿ ಮಾಡಿ. ಈಗ ಕಣ್ಣಿಗೆ ಕಾಣುವ ಮೂರು ವಸ್ತು, ಕಿವಿಗೆ ಕೇಳುವ ಎರಡು ಸದ್ದು, ಮೈಯಲ್ಲಿ ಬಿಗಿದಿರುವ ಒಂದು ಜಾಗ. ಹೋದ ವಾರದ ನನ್ನ ಪಟ್ಟಿ ಇಲ್ಲಿದೆ: ಒಂದೇ ಕಾಲಿನ ಚಪ್ಪಲಿ. ಕ್ಯಾಲೆಂಡರ್ ಇನ್ನೂ ಹಿಂದಿನ ತಿಂಗಳಲ್ಲೇ ಇದೆ. ಒದ್ದೆ ಟವೆಲ್. ಫ್ಯಾನಿನ ಕಟಕಟ. ಪಕ್ಕದ ಮನೆಯಲ್ಲಿ ಯಾರೋ ನಗುತ್ತಿದ್ದಾರೆ. ದವಡೆ ನೋಯುತ್ತಿದೆ, ಹಲ್ಲು ಕಚ್ಚಿಕೊಂಡಿದ್ದೇನೆ.

ಇಷ್ಟು ಬರೆದಾಗ ಒಂದು ವಸ್ತು ಕೈ ಹಿಡಿದು ಎಳೆಯುತ್ತದೆ. ನನಗೆ ಆ ದಿನ ಕ್ಯಾಲೆಂಡರ್ ಎಳೆಯಿತು. ಹಿಂದಿನ ತಿಂಗಳಲ್ಲಿ ಏನೋ ನಿಂತು ಹೋಗಿತ್ತು, ಅದಕ್ಕೇ ಹಾಳೆ ತಿರುವಿರಲಿಲ್ಲ. ಪಟ್ಟಿ ಮಾಡದೇ ಇದ್ದಿದ್ದರೆ ಅದು ಗೊತ್ತಾಗುತ್ತಲೇ ಇರಲಿಲ್ಲ. ಯಾವುದೂ ಎಳೆಯದಿದ್ದರೆ ಪಟ್ಟಿಯನ್ನೇ ಪದ್ಯ ಅಂತ ಬಿಟ್ಟುಬಿಡಿ. ನನ್ನ ಹತ್ತಿರ ಅಂಥವು ಎಷ್ಟೋ ಇವೆ.

ಹಂತ 3: 'ಬೇಜಾರು' ಅನ್ನುವ ಪದವನ್ನು ಒಡೆಯಿರಿ

ಈ ಹಂತದಲ್ಲಿ ಆತುರ ಬೇಡ, ನನ್ನ ಮಟ್ಟಿಗೆ ಅರ್ಧ ಕೆಲಸ ಇಲ್ಲೇ ಆಗುತ್ತದೆ.

ಹೇಗಿದ್ದೀರಿ ಅಂತ ಕೇಳಿದರೆ ನಾವೆಲ್ಲ ಹೇಳೋದು ಒಂದೇ ಮಾತು, 'ಯಾಕೋ ಬೇಜಾರು'. ಕೆಲಸ ಹೋದರೂ ಬೇಜಾರು, ಮಳೆ ಬಂದು ಆಟ ನಿಂತರೂ ಬೇಜಾರು. ಆದರೆ ಕನ್ನಡದಲ್ಲಿ ಇದಕ್ಕೆ ಎಷ್ಟು ಪದಗಳಿವೆ ನೋಡಿ. ಏನೋ ಆಗಲಿದೆ ಅಂತ ಹೊಟ್ಟೆಯೊಳಗೆ ಅಲುಗಾಡಿದರೆ ತಳಮಳ. ನಾಲ್ಕು ಜನರ ನಡುವೆ ಕೂರಲೂ ಆಗದೆ ಏಳಲೂ ಆಗದೆ ಇದ್ದರೆ ಕಸಿವಿಸಿ. ಆಗಿಹೋದದ್ದನ್ನು ನೆನೆದು 'ಹಾಗೆ ಮಾಡಬಹುದಿತ್ತಲ್ಲ' ಅನ್ನಿಸುತ್ತಲೇ ಇದ್ದರೆ ಹಳಹಳಿ. ಯಾರಿಗೂ ಹೇಳದೆ ವರ್ಷಗಟ್ಟಲೆ ಒಳಗೇ ಸವೆಯುವುದು ಕೊರಗು. ಗಂಟಲಿಗೆ ಬಂದು ನಿಲ್ಲುವುದು ಉಮ್ಮಳ. ಧುತ್ತೆಂದು ಎದೆ ಹಾರಿದರೆ ದಿಗಿಲು, ಬಾಗಿಲು ತಟ್ಟಲೋ ಬೇಡವೋ ಅಂತ ಕೈ ಹಿಂದೆ ಬಂದರೆ ಅಳುಕು. ಏನೂ ಬೇಡ ಅನ್ನಿಸಿ ಸುಮ್ನೆ ಗೋಡೆ ನೋಡುತ್ತಾ ಕೂತರೆ ಮಂಕು. ಇನ್ನು ಸಿಡಿಮಿಡಿ, ಹೊಟ್ಟೆಕಿಚ್ಚು, ಮುನಿಸು ಬೇರೆ.

ಇದು ಬರೀ ಪದಗಳ ಆಟ ಅಲ್ಲ. 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಜೊತೆಗಾರರು ಜನರಿಗೆ ಸಿಟ್ಟು, ಹೆದರಿಕೆ ತುಂಬಿದ ಮುಖಗಳ ಚಿತ್ರ ತೋರಿಸಿ ಮಿದುಳಿನ ಸ್ಕ್ಯಾನ್ ಮಾಡಿದರು. ಆ ಮುಖದಲ್ಲಿ ಕಾಣುವ ಭಾವನೆಗೆ ಹೆಸರು ಆರಿಸಿದಾಗ, ಮಿದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಅನ್ನುವ ಭಾಗದ ಚಟುವಟಿಕೆ ಕಡಿಮೆಯಾಯಿತು. ಅದೇ ಮುಖಕ್ಕೆ ಸುಮ್ನೆ ಒಬ್ಬ ವ್ಯಕ್ತಿಯ ಹೆಸರು ಆರಿಸಿದಾಗ ಅಷ್ಟು ಕಡಿಮೆಯಾಗಲಿಲ್ಲ. ಭಾವನೆಗೆ ಹೆಸರಿಡುವುದೇ ಒಂದು ಕೆಲಸ ಮಾಡುತ್ತದೆ ಅಂತಾಯಿತು.

ಒಮ್ಮೆ ಒಬ್ಬ ಗೆಳೆಯನ ಮೇಲೆ ನನಗೆ ವಿಪರೀತ ಸಿಟ್ಟು ಬಂದಿತ್ತು. ಮೂರು ದಿನ ಸಿಟ್ಟಿನ ಪದ್ಯ ಬರೆದೆ. ಮೂರೂ ಬೈಗುಳದ ಪಟ್ಟಿಯ ಹಾಗಿದ್ದವು. ನಾಲ್ಕನೇ ದಿನ ಮೇಲಿನ ಪದಗಳನ್ನು ಒಂದೊಂದಾಗಿ ಬಾಯಲ್ಲಿ ಹೇಳಿ ನೋಡಿದೆ. 'ಮುನಿಸು' ಅಂದಾಗ ಗಂಟಲು ಕಟ್ಟಿತು. ಸಿಟ್ಟು ಯಾರ ಮೇಲಾದರೂ ಬರುತ್ತದೆ, ಮುನಿಸು ಬರೋದು ನಮ್ಮವರ ಮೇಲೆ ಮಾತ್ರ. ಆಮೇಲೆ ಬರೆದ ಪದ್ಯದಲ್ಲಿ ಬೈಗುಳ ಇರಲಿಲ್ಲ. ಒಬ್ಬ ಮನುಷ್ಯ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದ, ಕಿವಿ ಮಾತ್ರ ಬಾಗಿಲ ಕಡೆಗಿತ್ತು.

ನೀವೂ ಹಾಗೇ ಮಾಡಿ. ಪದಗಳನ್ನು ಜೋರಾಗಿ ಹೇಳಿ ನೋಡಿ, ಮೈ ಯಾವುದಕ್ಕೆ ಓಗೊಡುತ್ತದೋ ಅದನ್ನು ಹಾಳೆಯ ಮೂಲೆಯಲ್ಲಿ ಬರೆದುಕೊಳ್ಳಿ. ನಿಮ್ಮ ಮನೆಮಾತಿನಲ್ಲಿ ಬೇರೆ ಪದ ಇದ್ದರೆ ಅದೇ ಇರಲಿ. ಅಜ್ಜಿ ಬಳಸುತ್ತಿದ್ದ ಪದ ನೆನಪಾದರೆ ಇನ್ನೂ ಒಳ್ಳೆಯದು.

ಹಂತ 4: ಮೊದಲ ಕರಡು

ಈಗ ಕೈಯಲ್ಲಿ ಒಂದು ವಸ್ತು ಇದೆ, ಒಂದು ಹೆಸರು ಇದೆ. ಎರಡನ್ನೂ ಪಕ್ಕಪಕ್ಕ ಇಡಿ. ಆದರೆ ಆ ಹೆಸರನ್ನು ಪದ್ಯದೊಳಗೆ ತರಬೇಡಿ, ಮೂಲೆಯಲ್ಲೇ ಇರಲಿ. ವಸ್ತುವಿನ ಬಗ್ಗೆ ಮಾತ್ರ ಬರೆಯಿರಿ. ಅದು ಹೇಗಿದೆ, ಯಾರು ಮುಟ್ಟಿದ್ದರು, ಈಗ ಏನಾಗಿದೆ. ಅಲಾರಂ ಹೊಡೆಯುವ ತನಕ ಪೆನ್ನು ಎತ್ತಬೇಡಿ, ಕಾಗುಣಿತ ತಪ್ಪಿದರೆ ತಪ್ಪಲಿ.

ಪೂರ್ತಿ ಖಾಲಿ ಹಾಳೆ ಕಂಡರೆ ಕೈ ನಡುಗುವವರಿಗೆ ಒಂದೆರಡು ದಾರಿ ಹೇಳುತ್ತೇನೆ.

ಒಂದು, ಒಂದೇ ಪದದಿಂದ ಪ್ರತಿ ಸಾಲು ಶುರು ಮಾಡುವುದು. 'ಇನ್ನೂ' ಅನ್ನುವುದು ಚೆನ್ನಾಗಿ ಕೆಲಸ ಮಾಡುತ್ತದೆ: ಇನ್ನೂ ಎರಡು ಲೋಟ ತೊಳೆದಿಡುತ್ತೇನೆ, ಇನ್ನೂ ಬೀಗದ ಕೈ ಅದೇ ಮೊಳೆಗೆ ಹಾಕುತ್ತೇನೆ. ಮುಂದಿನ ಸಾಲು ತಾನಾಗಿ ಬರುತ್ತದೆ, ನೀವು ಹುಡುಕಬೇಕಾಗಿಲ್ಲ.

ಇನ್ನೊಂದು, ಯಾರನ್ನಾದರೂ ಕರೆದು ಹೇಳುವುದು. 12ನೇ ಶತಮಾನದ ವಚನಕಾರರು ಈ ಕೆಲಸವನ್ನು ಬಹಳ ಚೆನ್ನಾಗಿ ಮಾಡಿದ್ದಾರೆ. ಅವರ ಮಾತು ಗದ್ಯದ ಹಾಗೆ ಸಲೀಸಾಗಿ ಹರಿದು, ಸಾಮಾನ್ಯವಾಗಿ ಕೊನೆಗೆ ಅಂಕಿತದಲ್ಲಿ ತಮ್ಮ ದೇವರನ್ನು ಕರೆದು ನಿಲ್ಲುತ್ತದೆ. ಎಂಥ ತಳಮಳ ಇದ್ದರೂ ಕೊನೆಗೆ ಅದು ಒಬ್ಬರ ಕಿವಿಗೆ ಬಿದ್ದೇ ಬೀಳುತ್ತದೆ. ನೀವು ದೇವರನ್ನೇ ಕರೆಯಬೇಕೆಂದಿಲ್ಲ. ನನಗೆ ಗೊತ್ತಿರುವ ಒಬ್ಬರು ತಮ್ಮ ಪದ್ಯಗಳನ್ನೆಲ್ಲ 'ಗೋಡೆ ಗಡಿಯಾರವೇ' ಅಂತ ಮುಗಿಸುತ್ತಾರೆ. ರಾತ್ರಿ ನಿದ್ದೆ ಬಾರದಾಗ ಅವರ ಜೊತೆ ಎಚ್ಚರ ಇರುವುದು ಅದೊಂದೇ ಅಂತೆ.

ಹಂತ 5: 'ನಾನು' ಬದಲಾಯಿಸಿ ನೋಡಿ

ಮೊದಲ ಕರಡು ಆದ ಮೇಲೆ, ಅದೇ ದಿನವೋ ಮರುದಿನವೋ, ಈ ಒಂದು ಪ್ರಯೋಗ ಮಾಡಿ. ಕನ್ನಡದಲ್ಲಿ ಇದಕ್ಕೊಂದು ಅನುಕೂಲ ಇದೆ. ನಮ್ಮ ಕ್ರಿಯಾಪದದ ಬಾಲದಲ್ಲೇ ವ್ಯಕ್ತಿ ಕೂತಿರುತ್ತಾನೆ. 'ಎದ್ದೆ' ಅಂದರೆ ಸಾಕು, 'ನಾನು' ಬೇಕಾಗಿಲ್ಲ. ಹಾಗಾಗಿ ಪದ್ಯವನ್ನು ನನ್ನಿಂದ ಅವನಿಗೋ ಅವಳಿಗೋ ದಾಟಿಸಬೇಕಾದರೆ ಒಂದು ಪದ ಬದಲಾಯಿಸಿದರೆ ಆಗುವುದಿಲ್ಲ, ಸಾಲು ಸಾಲಿನ ಬಾಲವನ್ನೂ ಮುಟ್ಟಬೇಕು. ಇದನ್ನು ನೋಡಿ:

ರಾತ್ರಿ ಮೂರಕ್ಕೆ ಎದ್ದೆ.
ಫೋನ್ ನೋಡಿದೆ.
ಯಾರೂ ಏನೂ ಕಳಿಸಿರಲಿಲ್ಲ.
ಮತ್ತೆ ನೋಡಿದೆ.

ಈಗ ಹೀಗೆ:

ರಾತ್ರಿ ಮೂರಕ್ಕೆ ಎದ್ದ.
ಫೋನ್ ನೋಡಿದ.
ಯಾರೂ ಏನೂ ಕಳಿಸಿರಲಿಲ್ಲ.
ಮತ್ತೆ ನೋಡಿದ.

ಮೊದಲನೆಯದನ್ನು ಓದಿದಾಗ ನನಗೆ ನನ್ನ ಮೇಲೇ ಮರುಕ ಹುಟ್ಟಿತ್ತು, ಅದೂ ಆ ಅಂಟಂಟು ಮರುಕ. ಎರಡನೆಯದನ್ನು ಓದಿದಾಗ ಆ ಮನುಷ್ಯನಿಗೆ 'ಮಲಗೋ ಮಾರಾಯ, ಬೆಳಿಗ್ಗೆ ನೋಡಿದರಾಯಿತು' ಅನ್ನಬೇಕು ಅನ್ನಿಸಿತು. ನನಗೆ ನಾನು ಯಾವತ್ತೂ ಅಷ್ಟು ಪ್ರೀತಿಯಿಂದ ಹೇಳಿಕೊಂಡಿರಲಿಲ್ಲ.

ಇದಕ್ಕೂ ಆಧಾರ ಇದೆ. ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದ ಹಾಗೆ, ಭಾಷಣದಂಥ ಒತ್ತಡದ ಹೊತ್ತಿನಲ್ಲಿ ತಮ್ಮನ್ನು 'ನಾನು' ಅನ್ನದೆ ಹೆಸರು ಹಿಡಿದು ಅಥವಾ ಬೇರೆಯವರಂತೆ ಮಾತಾಡಿಸಿಕೊಂಡವರಿಗೆ ಕಳವಳ ಕಡಿಮೆ. ಪೆನ್ನೆಬೇಕರ್ ಕೂಡ 2003ರಲ್ಲಿ ಶೆರ್ಲಾಕ್ ಕ್ಯಾಂಪ್‌ಬೆಲ್ ಜೊತೆ ಸೇರಿ ಹಳೆಯ ಬರಹಗಳನ್ನು ಕಂಪ್ಯೂಟರಿನಲ್ಲಿ ಹಾಕಿ ನೋಡಿದಾಗ, ದಿನದಿಂದ ದಿನಕ್ಕೆ 'ನಾನು', 'ಅವರು' ಥರದ ಪದಗಳ ಬಳಕೆ ಬದಲಾಗುತ್ತಾ ಹೋದವರ ಆರೋಗ್ಯವೇ ಹೆಚ್ಚು ಸುಧಾರಿಸಿದ್ದು ಕಂಡಿತು. ಒಂದೇ ಜಾಗದಲ್ಲಿ ನಿಂತು ನೋಡುವುದಕ್ಕಿಂತ ಸುತ್ತ ಒಂದು ಸುತ್ತು ಬಂದು ನೋಡುವುದು ಒಳ್ಳೆಯದು ಅಂತ ನಾನು ಇದನ್ನು ಅರ್ಥ ಮಾಡಿಕೊಂಡಿದ್ದೇನೆ.

ಯಾವ ರೂಪ ಕೊನೆಗೆ ಉಳಿಯಬೇಕು? ಬಾಯಿಬಿಟ್ಟು ಓದಿ. ಯಾವುದು ನಿಜ ಅನ್ನಿಸುತ್ತದೋ ಅದು. ಸಲ ಸಲ 'ನಾನು'ವಿಗೇ ಮರಳುತ್ತೇನೆ ನಾನು, ಆದರೆ ಹೋಗಿ ಬಂದ 'ನಾನು' ಸ್ವಲ್ಪ ಬೇರೆ ಇರುತ್ತಾನೆ.

ಹಂತ 6: ಪ್ರಾಸ, ಲೆಕ್ಕ, ಸಾಲು ಮುರಿಯುವ ಜಾಗ

ಪ್ರಾಸ ಬೇಕಾ? ನನ್ನ ಉತ್ತರ, ಶುರುವಿನಲ್ಲಿ ಬೇಡ. ಕನ್ನಡದಲ್ಲಿ ಸಾಲಿನ ಕೊನೆಗೆ ಕ್ರಿಯಾಪದ ಬರುವುದರಿಂದ ಬಂದಿತು, ನಿಂದಿತು, ತಂದಿತು ಅಂತ ಪ್ರಾಸ ಬಿಟ್ಟಿ ಸಿಗುತ್ತದೆ. ಬಿಟ್ಟಿ ಸಿಕ್ಕಿದ್ದು ನಮ್ಮನ್ನು ಎಲ್ಲಿಗೋ ಎಳೆದುಕೊಂಡು ಹೋಗುತ್ತದೆ. ನನ್ನ 'ಕೊರಡು' ಬಂದದ್ದು ಹಾಗೇ ತಾನೇ? ನಾನೇನು ಕೊರಡಾಗಿರಲಿಲ್ಲ. ನಮ್ಮ ಹಳೆಯ ಕಾವ್ಯದವರು ಪ್ರಾಸವನ್ನು ಸಾಲಿನ ಎರಡನೇ ಅಕ್ಷರಕ್ಕೆ ಇಟ್ಟಿದ್ದರು. ಅದು ಕಷ್ಟದ ಕೆಲಸ, ಪದಗಳಿಗಾಗಿ ಹುಡುಕಾಡಬೇಕು. ಹುಡುಕುವ ಆಟ ನಿಮಗೆ ಹಿಡಿಸಿದರೆ ಅದನ್ನು ಆಡಿ ನೋಡಿ.

ಪ್ರಾಸ ಬಿಟ್ಟರೂ ಲೆಕ್ಕ ಒಂದು ಇಟ್ಟುಕೊಳ್ಳಬಹುದು. ತಲೆಯೊಳಗೆ ಗಿರಗಿರ ಅನ್ನುತ್ತಿರುವಾಗ ಅಕ್ಷರ ಎಣಿಸುವುದು ದೊಡ್ಡ ಸಹಾಯ. ಜಪಾನಿನ ಹೈಕುವಿನಲ್ಲಿ 5, 7, 5 ಅಂತ ಮೂರು ಭಾಗ. ಅವರು ಎಣಿಸುವುದು ತಮ್ಮ ಭಾಷೆಯ ಧ್ವನಿಗಳನ್ನು, ನಾವು ಅಕ್ಷರ ಎಣಿಸಿಕೊಂಡರೆ ಆಯಿತು. ಜ್ವರ ಬಂದು ಮಲಗಿದ್ದಾಗ ಬೆರಳಲ್ಲಿ ಎಣಿಸಿ ಮಾಡಿದ್ದು:

ಕಿಟಕಿ ಸಂದಿ
ಒಂದೇ ಗೆರೆ ಬಿಸಿಲು
ಕಾಲಿನ ಮೇಲೆ

ಇದರಲ್ಲೇನಿದೆ ಅಂತ ನೀವು ಕೇಳಬಹುದು. ಏನೂ ಇಲ್ಲ. ಆದರೆ ಇದನ್ನು ಹೊಂದಿಸಲು ಹಿಡಿದ ಅರ್ಧ ಗಂಟೆ ನಾನು ಕಾಯಿಲೆಯ ಬಗ್ಗೆ ಯೋಚಿಸಲಿಲ್ಲ. 'ಹಾಸಿಗೆ ಮೇಲೆ' ಅಂತ ಹಾಕಿದ್ದೆ, ಅದೂ ಐದೇ ಅಕ್ಷರ. ಆದರೆ ಬಿಸಿಲು ಬಿದ್ದಿದ್ದು ಕಾಲಿನ ಮೇಲೆ, ಬೆಚ್ಚಗಿತ್ತು. ಅದಕ್ಕೇ ಬದಲಾಯಿಸಿದೆ.

ಸಾಲು ಎಲ್ಲಿ ಮುರಿಯಬೇಕು ಅನ್ನುವುದಕ್ಕೆ ವ್ಯಾಕರಣ ನೋಡಬೇಡಿ. ಜೋರಾಗಿ ಓದಿ, ಉಸಿರು ಎಲ್ಲಿ ನಿಲ್ಲುತ್ತದೋ ಅಲ್ಲಿ. ಭಾಷೆಯೂ ಅಷ್ಟೇ, ಮನೆಯಲ್ಲಿ ಆಡುವ ಮಾತೇ ಇರಲಿ. 'ವೇದನೆಯ ಜ್ವಾಲೆಯಲಿ ಬೇಯುತಿಹೆನು' ಅಂತ ಯಾರೂ ಫೋನಿನಲ್ಲಿ ಹೇಳಲ್ಲ, ಅಲ್ವಾ?

ಹಂತ 7: ಬರೆದು ಎದ್ದೇಳುವ ಬಗೆ

ಅಲಾರಂ ಹೊಡೆದಾಗ ನೀವು ನೋವಿನ ನಟ್ಟನಡುವೆ ಇದ್ದರೆ ಹಾಗೇ ಎದ್ದು ಹೋಗಬೇಡಿ. ಒಂದು ಕೊನೆಯ ಸಾಲು ಬರೆಯಿರಿ, ಈ ಕೋಣೆಗೆ ವಾಪಸ್ ಕರೆತರುವ ಸಾಲು. ಈಗ ಕೈ ಏನನ್ನು ಮುಟ್ಟುತ್ತಿದೆ? 'ಮೇಜು ತಣ್ಣಗಿದೆ.' ಅಷ್ಟು ಸಾಕು. ಪದ್ಯಕ್ಕೆ ಅದು ಹೊಂದದಿದ್ದರೆ ನಾಳೆ ತೆಗೆದರಾಯಿತು, ಆ ಸಾಲು ಇವತ್ತು ನಿಮಗಾಗಿ. ಆಮೇಲೆ ಮುಖ ತೊಳೆದುಕೊಂಡು ಕೈಗೆ ಏನಾದರೂ ಕೆಲಸ ಹಚ್ಚಿ.

ಹಂತ 8: ತಿದ್ದುವುದು

ಹರಿಯಬೇಕು ಅನ್ನಿಸಿದ್ದನ್ನು ಹರಿಯಿರಿ. ಉಳಿಸಿಕೊಂಡದ್ದನ್ನು ಕನಿಷ್ಠ ಒಂದು ರಾತ್ರಿ ಬಿಟ್ಟು ತೆಗೆಯಿರಿ. ತಿದ್ದುವಾಗ ನೋವು ಕಚ್ಚಾ ಸಾಮಾನಾಗುತ್ತದೆ, ಅದನ್ನು ಕತ್ತರಿಸಬಹುದು, ಜಾಗ ಬದಲಾಯಿಸಬಹುದು. ನನಗೆ ಬರೆಯುವುದಕ್ಕಿಂತ ಇದರಲ್ಲೇ ನೆಮ್ಮದಿ ಜಾಸ್ತಿ ಸಿಕ್ಕಿದೆ. ಕನ್ನಡಕದ ಪದ್ಯ ಮೊದಲು ಹೀಗಿತ್ತು:

ಕನ್ನಡಕದ ಒಂದು ಕಡ್ಡಿಗೆ
ಬಿಳಿ ದಾರ ಸುತ್ತಿದ್ದಾರೆ ಅಪ್ಪ.
ಗಂಟು ಇನ್ನೂ ಗಟ್ಟಿಯಾಗಿದೆ.
ಹಾಕಿಕೊಂಡು ನೋಡಿದೆ,
ಎಲ್ಲ ಮಂಜು ಮಂಜು.
ಅವರಿಗೆ ಕಂಡಿದ್ದು
ನನಗೆ ಕಾಣಲೇ ಇಲ್ಲ.

ಮರುದಿನ ಕೊನೆಯ ಎರಡು ಸಾಲು ಹೊಡೆದು ಹಾಕಿದೆ. ಅವು ಜಾಣ ಸಾಲುಗಳು. ಓದುವವರು ತಲೆದೂಗಲಿ ಅಂತ ಬರೆದದ್ದು, ಆದರೆ ಓದುವವರು ಯಾರೂ ಇರಲಿಲ್ಲವಲ್ಲ. ಕನ್ನಡಕ ಹಾಕಿದಾಗ ನಿಜವಾಗಿ ಏನಾಗಿತ್ತು ಅಂತ ನೆನಪು ಮಾಡಿಕೊಂಡೆ. ಮಂಜಾಗಿತ್ತು, ಹೌದು. ಅದಕ್ಕೂ ಮುಂಚೆ ಆ ದಾರ ಕಿವಿಯ ಹಿಂದೆ ಚುಚ್ಚಿತ್ತು. ಅಂದರೆ ಅಪ್ಪನಿಗೂ ಅಷ್ಟು ದಿನ ಚುಚ್ಚಿರಬೇಕು, ಒಂದು ಸಲವೂ ಹೇಳಿರಲಿಲ್ಲ. ಆಗ ಪದ್ಯ ಹೀಗಾಯಿತು:

ಕನ್ನಡಕದ ಒಂದು ಕಡ್ಡಿಗೆ
ಬಿಳಿ ದಾರ ಸುತ್ತಿದ್ದಾರೆ ಅಪ್ಪ.
ಗಂಟು ಇನ್ನೂ ಗಟ್ಟಿಯಾಗಿದೆ.
ಹಾಕಿಕೊಂಡೆ.
ಕಿವಿಯ ಹಿಂದೆ ಚುಚ್ಚುತ್ತದೆ.

ಅಳು ಬಂದದ್ದು ಇಲ್ಲಿ. 'ಚುಚ್ಚುತ್ತದೆ' ಅಂತ ಬರೆಯುವಾಗ.

ತಿದ್ದುವಾಗ ನಾನು ಕೇಳಿಕೊಳ್ಳುವುದು ಇಷ್ಟೇ: ಈ ಸಾಲು ನಡೆದದ್ದಾ, ಅಥವಾ ನಡೆದದ್ದರ ಬಗ್ಗೆ ನಾನು ಕೊಡುತ್ತಿರುವ ವಿವರಣೆಯಾ? ವಿವರಣೆ ಆಗಿದ್ದರೆ ಸಾಮಾನ್ಯವಾಗಿ ಹೋಗುತ್ತದೆ.

ಯಾವಾಗ ಬರೆಯಬಾರದು

ಪೆನ್ನೆಬೇಕರ್ ಅವರದೇ ಒಂದು ಕಿವಿಮಾತಿದೆ. ಯಾವುದೋ ವಿಷಯ ಬರೆದರೆ ಕೈಮೀರಿ ಹೋಗುತ್ತೇನೆ ಅನ್ನಿಸಿದರೆ ಅದನ್ನು ಬರೆಯಬೇಡಿ, ಅಷ್ಟೇ. ಬೇರೆ ವಿಷಯ ತೆಗೆದುಕೊಳ್ಳಿ. ಧೈರ್ಯ ತೋರಿಸುವ ಪರೀಕ್ಷೆ ಅಲ್ಲ ಇದು. ದೊಡ್ಡ ಆಘಾತ ಆಗಿ ಇನ್ನೂ ಎರಡು ದಿನ ಆಗಿದೆ ಅಂದರೆ ಕಾಯಿರಿ, ಆಗ ಬೇಕಾಗಿರುವುದು ನಿದ್ದೆ, ಊಟ, ಜೊತೆಗೊಬ್ಬರು.

ನಾಲ್ಕೈದು ದಿನ ಒಂದೇ ವಿಷಯ ಬರೆದೂ ಪ್ರತಿ ಸಲ ಅದೇ ಸಾಲುಗಳು ಅದೇ ಕ್ರಮದಲ್ಲಿ ಬರುತ್ತಿವೆ ಅಂದರೆ ನೀವು ಬರೆಯುತ್ತಿಲ್ಲ, ಗಾಯ ಕೆರೆಯುತ್ತಿದ್ದೀರಿ. ವಿಷಯ ಬದಲಾಯಿಸಿ, ಕೊಡೆಯ ಬಗ್ಗೆಯೋ ಇರುವೆಯ ಬಗ್ಗೆಯೋ ಬರೆಯಿರಿ.

ಬದುಕೇ ಬೇಡ ಅನ್ನುವ ಯೋಚನೆ ಪದ್ಯದಲ್ಲಿ ಇಣುಕುತ್ತಿದ್ದರೆ, ಪದ್ಯ ಅಲ್ಲಿಗೇ ನಿಲ್ಲಿಸಿ. ನಂಬಿಕೆಯ ಒಬ್ಬರಿಗೆ ಆಗಲೇ ಫೋನ್ ಮಾಡಿ, ಅಥವಾ ಸಹಾಯವಾಣಿಗೆ, ವೈದ್ಯರಿಗೆ. ಹೇಳೋಕೆ ಬಾಯಿ ಬರದಿದ್ದರೆ ಆ ಹಾಳೆಯನ್ನೇ ಅವರ ಕೈಗೆ ಕೊಡಿ. ಅದಕ್ಕೂ ಪದ್ಯ ಉಪಯೋಗಕ್ಕೆ ಬರುತ್ತದೆ.

ತೋರಿಸುವುದೋ ಬೇಡವೋ

ತಕ್ಷಣ ಆನ್‌ಲೈನ್ ಹಾಕಬೇಡಿ. ಯಾಕಂದರೆ ಹಾಕಿದ ಮೇಲೆ ನಿಮ್ಮ ಸಂಕಟಕ್ಕೆ ಎಷ್ಟು ಲೈಕ್ ಬಂತು ಅಂತ ನೋಡುತ್ತಾ ಕೂರುತ್ತೀರಿ, ಹನ್ನೊಂದೇ ಬಂದರೆ ಅದೊಂದು ಹೊಸ ಸಂಕಟ. ನಾನು ಒಮ್ಮೆ ಹಾಕಿ ಒದ್ದಾಡಿದ್ದೇನೆ. ಒಬ್ಬರು 'ಸೂಪರ್ ಸರ್' ಅಂದರು, ಇನ್ನೊಬ್ಬರು ಕಾಗುಣಿತ ತಿದ್ದಿದರು. ಪದ್ಯ ಯಾವುದರ ಬಗ್ಗೆ ಇತ್ತೋ ಅದನ್ನು ಯಾರೂ ಕೇಳಲಿಲ್ಲ.

ತೋರಿಸಬೇಕು ಅನ್ನಿಸಿದರೆ ಒಬ್ಬರಿಗೆ ತೋರಿಸಿ, ಕೊಡುವಾಗಲೇ 'ಚೆನ್ನಾಗಿದೆಯಾ ಹೇಳೋದು ಬೇಡ, ಸುಮ್ನೆ ಓದು' ಅಂತ ಹೇಳಿ ಕೊಡಿ. ಪದ್ಯದಲ್ಲಿ ಬೇರೆ ಬದುಕಿರುವವರು ಇದ್ದರೆ ಎರಡು ಸಲ ಯೋಚಿಸಿ. ನಿಮ್ಮ ಮನಸ್ಸು ಹಗುರಾಗೋಕೆ ಅವರ ಮಾನ ಹೋಗಬೇಕಾಗಿಲ್ಲ.

ಖುಷಿಯ ದಿನಗಳಿಗೆ

ನೋಟ್‌ಬುಕ್ ಬರೀ ನೋವಿನದೇ ಆದರೆ ಅದನ್ನು ಮುಟ್ಟಲೂ ಹೆದರಿಕೆಯಾಗುತ್ತದೆ. ವಾರಕ್ಕೊಂದಾದರೂ ಸುಮ್ನೆ ಚೆನ್ನಾಗಿದ್ದ ಗಳಿಗೆಯ ಪದ್ಯ ಇರಲಿ. ಇದು ಹೆಚ್ಚು ಕಷ್ಟ, ಹೇಳಿಬಿಡುತ್ತೇನೆ. ಖುಷಿಯಾಗಿದ್ದಾಗ ಯಾರೂ ಪೆನ್ನು ಹುಡುಕಲ್ಲ. ಅದಕ್ಕೆ ಆ ಹೊತ್ತಿನಲ್ಲಿ ಎರಡೇ ಪದ ಗೀಚಿಟ್ಟುಕೊಳ್ಳಿ, ಬಿಡುವಾದಾಗ ಬೆಳೆಸಿ. ನನ್ನದರಲ್ಲಿ ಒಂದು ಕಡೆ 'ತಂಗಿ, ಬಿಕ್ಕಳಿಕೆ' ಅಂತ ಇದೆ. ನಗು ತಡೆಯಲಾಗದೆ ಬಿಕ್ಕಳಿಕೆ ಶುರುವಾಗಿತ್ತು ಅವಳಿಗೆ, ಅದೂ ಎಲ್ಲರೂ ಗಂಭೀರವಾಗಿ ಕೂತಿದ್ದ ಜಾಗದಲ್ಲಿ. ಪದ್ಯ ಇನ್ನೂ ಆಗಿಲ್ಲ.

ಪ್ರತಿ ಹಾಳೆಗೂ ತಾರೀಖು ಹಾಕಿ. ಮೂರು ತಿಂಗಳಿಗೊಮ್ಮೆ ತಿರುವಿ ಹಾಕುವಾಗ ಮೂಲೆಯಲ್ಲಿ ಬರೆದಿಟ್ಟ ಆ ಹೆಸರುಗಳನ್ನು ಮಾತ್ರ ಓದಿಕೊಂಡು ಹೋಗಿ. ಮೊನ್ನೆ ನಾನು ಹಾಗೆ ಓದಿದಾಗ ಶುರುವಿನ ಹಾಳೆಗಳಲ್ಲೆಲ್ಲ 'ಹಳಹಳಿ' ಇತ್ತು, ಆಮೇಲೆ ಒಂದಷ್ಟು 'ಮಂಕು', ಒಂದು 'ಸಿಡಿಮಿಡಿ'. ಕೊನೆಯ ಹಾಳೆಯ ಮೂಲೆ ಖಾಲಿ ಇತ್ತು. ಏನು ಬರೆಯಬೇಕೋ ಗೊತ್ತಾಗದೆ ಬಿಟ್ಟಿದ್ದೆನೋ, ಮರೆತೇ ಹೋಗಿತ್ತೋ, ನೆನಪಾಗುತ್ತಿಲ್ಲ.